ಕರಾವಳಿಯ ತಾರಸಿಯಲ್ಲಿ ಒಂದು ವರ್ಷ: ಮನೆಯ ಸೌರ ವಿದ್ಯುತ್ ಘಟಕದ ಅನುಭವ

ಉಡುಪಿ ಸಮೀಪದ ಕಲ್ಯಾಣಪುರದಲ್ಲಿರುವ ನಮ್ಮ ಮನೆಯ ತಾರಸಿಯಲ್ಲಿ 3.3 ಕಿಲೋವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಘಟಕವನ್ನು ಅಳವಡಿಸಿ ಕಳೆದ ನವೆಂಬರ್ ಕೊನೆಗೆ ಒಂದು ವರ್ಷ ತುಂಬಿತು. ಈ ಅವಧಿಯಲ್ಲಿ ಒಂದು ಪೂರ್ತಿ ಮಳೆಗಾಲ ಕಳೆದಿರುವುದರಿಂದಲೇ ಈಗ ಬರೆಯುವ ಧೈರ್ಯ ಮಾಡಿದ್ದೇನೆ. ನಮ್ಮೂರಿನಲ್ಲಿ ಸೋಲಾರ್ ಮಾತು ಬಂದರೆ ಮೊದಲು ಎದುರಾಗುವ ಪ್ರಶ್ನೆ ‘ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ) ಏನು ಮಾಡುತ್ತೀರಿ?’ ಎಂಬುದು. ಬೇಸಿಗೆಯ ನಾಲ್ಕು ತಿಂಗಳ ಅಂಕಿಗಳನ್ನು ಮುಂದಿಟ್ಟು ಆ ಪ್ರಶ್ನೆಗೆ ಉತ್ತರ ಕೊಡಲು ಬರುವುದಿಲ್ಲ.

ಫಲಕ ಹಾಕಿಸುವ ಯೋಚನೆ ಹುಟ್ಟಿದ್ದು ಬಿಲ್ಲಿನಿಂದಲ್ಲ, ಒಂಬತ್ತನೇ ತರಗತಿಯ ಮಗಳ ಶಾಲಾ ಯೋಜನೆಯಿಂದ. ಮನೆಯ ವಿದ್ಯುತ್ ಬಳಕೆಯಿಂದ ವರ್ಷಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂದು ಅವಳು ಲೆಕ್ಕ ಹಾಕಬೇಕಿತ್ತು. ಊರಿನ ಅನೇಕರಂತೆ ನಾನೂ ನಮ್ಮ ಮನೆಗೆ ಬರುವ ಕರೆಂಟ್ ವಾರಾಹಿಯದು, ಶರಾವತಿಯದು, ಅಂದರೆ ನೀರಿನದು ಎಂದೇ ನಂಬಿದ್ದೆ. ಹೊಸಂಗಡಿಯ ವಾರಾಹಿ ಜಲವಿದ್ಯುತ್ ಕೇಂದ್ರ ನಮ್ಮ ಜಿಲ್ಲೆಯಲ್ಲೇ ಇರುವುದು ನಿಜ. ಆದರೆ ಪಡುಬಿದ್ರಿ ಬಳಿಯ ಎಲ್ಲೂರಿನಲ್ಲಿ, ಹಡಗಿನಲ್ಲಿ ಪಣಂಬೂರಿಗೆ ಬಂದಿಳಿಯುವ ವಿದೇಶಿ ಕಲ್ಲಿದ್ದಲನ್ನು ಉರಿಸುವ 1,200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಇರುವುದೂ ಇದೇ ಜಿಲ್ಲೆಯಲ್ಲಿ. ಅದಕ್ಕಿಂತ ಮುಖ್ಯವಾಗಿ, 2013ರ ಕೊನೆಯಿಂದ ದೇಶದ ವಿದ್ಯುತ್ ಜಾಲಗಳೆಲ್ಲ ಒಂದಕ್ಕೊಂದು ಸೇರಿಕೊಂಡಿರುವುದರಿಂದ, ನಮ್ಮ ತಂತಿಯಲ್ಲಿ ಹರಿಯುವುದು ಯಾವ ಹೊಳೆಯ ಕರೆಂಟ್ ಎಂದು ಬೇರ್ಪಡಿಸಿ ಹೇಳುವುದಕ್ಕೆ ಅರ್ಥವೇ ಇಲ್ಲ. ದೇಶದ ಒಟ್ಟು ವಿದ್ಯುತ್ತಿನಲ್ಲಿ ಬಹುಪಾಲು ಇಂದಿಗೂ ಕಲ್ಲಿದ್ದಲಿನದು. ಸರಾಸರಿ ತೆಗೆದರೆ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ತಿಂಗಳಿಗೆ ಸರಾಸರಿ 310 ಯೂನಿಟ್ ಬಳಸುತ್ತಿದ್ದ ನಮ್ಮ ಆರು ಜನರ ಮನೆಯಿಂದ ವರ್ಷಕ್ಕೆ ಸುಮಾರು 2.6 ಟನ್ ಎಂದು ಮಗಳು ಬರೆದುಕೊಟ್ಟಾಗ, ಅತ್ತೆ ಆ ಕಾಗದವನ್ನು ಎರಡು ಸಲ ಓದಿ, ‘ಹೊಗೆ ನಮಗೆ ಕಾಣುವುದಿಲ್ಲ ಅಷ್ಟೇ, ಅಲ್ಲವಾ?’ ಎಂದರು.

ಆ ಹೊಗೆಯ ಲೆಕ್ಕ ನಮ್ಮ ಕಡಲತೀರಕ್ಕೆ ದೂರದ್ದಲ್ಲ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಬಿಸಿಲು ಒಳಗೆ ಬರುವುದನ್ನು ಈ ಅನಿಲ ತಡೆಯುವುದಿಲ್ಲ. ಕಾದ ನೆಲವೂ ಕಡಲೂ ತಿರುಗಿ ಹೊರಸೂಸುವ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು, ಆ ನೀರು ಒಮ್ಮೆಗೇ ಸುರಿಯಲೂಬಹುದು. 2018ರ ಮೇ 29ರಂದು ಮಂಗಳೂರು ಮುಳುಗಿದ್ದನ್ನೂ, ಮರುವರ್ಷದ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಅದೇ ಮಂಗಳೂರಿಗೆ ಸರದಿಯಂತೆ ನೀರು ಬಿಟ್ಟದ್ದನ್ನೂ, 2020ರ ಸೆಪ್ಟೆಂಬರಿನಲ್ಲಿ ಉಡುಪಿಯ ತಗ್ಗು ಪ್ರದೇಶಗಳಲ್ಲಿ ದೋಣಿ ಓಡಿದ್ದನ್ನೂ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರವನ್ನು ಕೊರೆದು ಹೋದದ್ದನ್ನೂ ನಾವೆಲ್ಲ ಕಂಡಿದ್ದೇವೆ. ಇವುಗಳಲ್ಲಿ ಯಾವುದೋ ಒಂದನ್ನು ಎತ್ತಿ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಅರಬ್ಬೀ ಸಮುದ್ರ ಬೆಚ್ಚಗಾಗುತ್ತಿದೆ, ಅಲ್ಲಿ ತೀವ್ರ ಚಂಡಮಾರುತಗಳು ಹೆಚ್ಚುತ್ತಿವೆ ಎಂಬುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ, ಮತ್ತು ಆ ಸಮುದ್ರ ನಮ್ಮ ಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ.

ಇನ್ನು ಘಟಕದ ವಿಷಯ. ತಲಾ 550 ವಾಟ್‌ನ ಆರು ಫಲಕಗಳು, ಅವುಗಳ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಒಂದು ಇನ್ವರ್ಟರ್, ಹಂದರ, ವಯರಿಂಗ್ ಮತ್ತು ಅರ್ಥಿಂಗ್ ಸೇರಿ 1,95,000 ರೂಪಾಯಿ ಖರ್ಚಾಯಿತು. 2024ರಲ್ಲಿ ಆರಂಭವಾದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಹೀಗೆ ಗರಿಷ್ಠ 78,000 ರೂಪಾಯಿ ಸಹಾಯಧನವಿದೆ. ಅದು ನೇರವಾಗಿ ಬ್ಯಾಂಕ್ ಖಾತೆಗೆ ಬಂತು. ಮೂರು ಕಿಲೋವಾಟ್ ದಾಟಿದರೆ ಸಹಾಯಧನ ಬೆಳೆಯುವುದಿಲ್ಲ. ಫಲಕಗಳು ದೇಶದಲ್ಲೇ ತಯಾರಾದವುಗಳಾಗಿರಬೇಕು ಎಂಬ ನಿಬಂಧನೆಯೂ ಇದೆ. ಪೋರ್ಟಲ್‌ನಲ್ಲಿ ನೋಂದಣಿ, ಅಳವಡಿಕೆ, ಪರಿಶೀಲನೆ, ಎರಡೂ ದಿಕ್ಕಿನ ಲೆಕ್ಕ ಇಡುವ ಮೀಟರ್ ಬದಲಾವಣೆ ಇವೆಲ್ಲ ಕ್ರಮವಾಗಿ ನಡೆದವು, ಅದನ್ನು ಬೆಳೆಸುವುದಿಲ್ಲ.

ಅಳವಡಿಸಿದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಮಾಡಿದ ಕೆಲಸದ ಬಹುಭಾಗ ಚೆನ್ನಾಗಿದೆ. ಹೇಳದೇ ಬಿಟ್ಟ ಮಾತುಗಳ ಬಗ್ಗೆ ನನ್ನ ತಕರಾರಿದೆ. ಅಂಥ ಬಿಟ್ಟ ಮಾತುಗಳು ಒಂದೇ ಸಂಸ್ಥೆಯವಲ್ಲ ಎಂಬುದು, ನಾವು ದರಪಟ್ಟಿ ತರಿಸಿದ ಬೇರೆ ಇಬ್ಬರ ಕಾಗದಗಳನ್ನು ಈಗ ತಿರುಗಿ ಓದಿದಾಗ ಸ್ಪಷ್ಟವಾಗುತ್ತದೆ.

ಮೊದಲನೆಯದು ಉತ್ಪಾದನೆಯ ಅಂದಾಜು. ಒಂದು ಕಿಲೋವಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಸಿಗುತ್ತದೆ ಎಂದು ನಮಗೆ ಹೇಳಿದ್ದರು. ಬಯಲುಸೀಮೆಯಲ್ಲಿ ಈ ಮಾತು ನಿಜವಾಗಿರಬಹುದು. ನಮ್ಮ ತಾರಸಿಯಲ್ಲಿ ಡಿಸೆಂಬರಿನಿಂದ ನವೆಂಬರ್‌ವರೆಗೆ ಒಟ್ಟು 3,850 ಯೂನಿಟ್ ಉತ್ಪಾದನೆಯಾಯಿತು, ಅಂದರೆ ಕಿಲೋವಾಟ್‌ಗೆ ದಿನಕ್ಕೆ ಸರಾಸರಿ 3.2. ಮಾರ್ಚ್ ತಿಂಗಳಲ್ಲಿ 415 ಯೂನಿಟ್ ಬಂದರೆ ಜುಲೈನಲ್ಲಿ ಬಂದದ್ದು 165. ಮೋಡ ಕವಿದು ಬಿಡದೆ ಸುರಿದ ಕೆಲವು ದಿನಗಳಲ್ಲಿ ಇಡೀ ದಿನಕ್ಕೆ ಒಂದೂವರೆ ಯೂನಿಟ್ ದಾಟಲಿಲ್ಲ. ಆದರೂ ಮಳೆಗಾಲದಲ್ಲಿ ಘಟಕ ಸತ್ತಂತೆ ಬಿದ್ದಿರುತ್ತದೆ ಎಂಬ ನಂಬಿಕೆ ಸುಳ್ಳು. ಮೋಡದ ಮರೆಯ ಬೆಳಕಿನಲ್ಲೂ ಫಲಕ ಕೆಲಸ ಮಾಡುತ್ತದೆ, ಮಳೆ ಹೊಳವಾದ ದಿನ ತೊಳೆದು ಸ್ವಚ್ಛವಾದ ಗಾಜಿನ ಮೇಲೆ ಬೀಳುವ ಬಿಸಿಲಿಗೆ ಮಧ್ಯಾಹ್ನದ ಅಂಕಿ ಬೇಸಿಗೆಯನ್ನೂ ಮೀರಿಸುತ್ತದೆ. ಇನ್ನೊಂದು ಸಂಗತಿ ನನಗೆ ಹೊಸದಾಗಿತ್ತು: ಮೇ ತಿಂಗಳ ಸುಡು ಬಿಸಿಲಿನಲ್ಲಿ ಉತ್ಪಾದನೆ ಮಾರ್ಚ್‌ಗಿಂತ ಕಡಿಮೆಯಾಯಿತು. ಸಂಜೆಯ ಮೋಡ ಒಂದು ಕಾರಣ, ಫಲಕದ ಬಿಸಿ ಇನ್ನೊಂದು. 25 ಡಿಗ್ರಿಯಿಂದ ಮೇಲೇರುವ ಪ್ರತಿ ಡಿಗ್ರಿಗೆ ಫಲಕದ ಶಕ್ತಿ ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ; ಫಲಕಕ್ಕೆ ಬೇಕಾದದ್ದು ಬೆಳಕೇ ಹೊರತು ಸೆಕೆಯಲ್ಲ.

ಎರಡನೆಯದು, ಕರೆಂಟ್ ಹೋದಾಗ ಏನಾಗುತ್ತದೆ ಎಂಬುದು. ಜೂನ್ ಮೊದಲ ವಾರ ಗಾಳಿಮಳೆಗೆ ಮರ ಬಿದ್ದು ಬೀದಿಯ ತಂತಿ ತುಂಡಾದ ಮರುದಿನ ಬೆಳಿಗ್ಗೆ ಒಳ್ಳೆಯ ಬಿಸಿಲಿತ್ತು, ತಲೆಯ ಮೇಲೆ ಆರು ಫಲಕಗಳಿದ್ದವು, ಮನೆಯೊಳಗೆ ಒಂದು ಫ್ಯಾನ್ ಕೂಡ ತಿರುಗಲಿಲ್ಲ. ಜಾಲಕ್ಕೆ ಜೋಡಿಸಿದ, ಬ್ಯಾಟರಿ ಇಲ್ಲದ ಇಂಥ ಘಟಕ ಹೊರಗಿನ ಕರೆಂಟ್ ನಿಂತ ಕ್ಷಣವೇ ತಾನೂ ನಿಲ್ಲಬೇಕು. ನಿಲ್ಲದಿದ್ದರೆ ನಮ್ಮ ಮನೆಯ ವಿದ್ಯುತ್ ತಂತಿಗೆ ಹರಿದು, ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ನ ಜೀವಕ್ಕೆ ಎರವಾಗುತ್ತದೆ. ನಿಯಮ ಅತ್ಯಂತ ಸರಿಯಾದದ್ದು, ತಿಳಿದ ಮೇಲೆ ಅದರ ಬಗ್ಗೆ ನನಗೆ ಗೌರವವೇ ಇದೆ. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಿರುವುದು ಸಾಮಾನ್ಯವಾದ ಊರಿನಲ್ಲಿ ಈ ಮಾತನ್ನು ಹಣ ಕೊಡುವ ಮೊದಲೇ ಹೇಳುವುದು ಮಾರುವವರ ಕರ್ತವ್ಯ. ಹಳೆಯ ಇನ್ವರ್ಟರ್ ಮತ್ತು ಬ್ಯಾಟರಿಯನ್ನು ಇನ್ನು ಬೇಡ ಎಂದು ಮಾರಲು ಹೊರಟಿದ್ದ ನಮ್ಮವರು ಅದೃಷ್ಟಕ್ಕೆ ಅದನ್ನು ಮುಂದೂಡಿದ್ದರು. ದೀಪ ಮತ್ತು ಎರಡು ಫ್ಯಾನ್‌ಗಳಿಗೆ ಇಂದಿಗೂ ಅದೇ ಆಸರೆ. ಬ್ಯಾಟರಿ ಸಹಿತ ಹೈಬ್ರಿಡ್ ಘಟಕಗಳೂ ಸಿಗುತ್ತವೆ, ಬೆಲೆ ಬಹಳ ಹೆಚ್ಚು.

ಮೂರನೆಯದು ಉಪ್ಪುಗಾಳಿ. ಹಂದರದ ಕಂಬಗಳು ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಉಕ್ಕಿನವು, ಅವು ಹಾಗೆಯೇ ಇವೆ. ಆದರೆ ಫಲಕಗಳನ್ನು ಹಿಡಿದಿರುವ ಬೋಲ್ಟ್‌ಗಳಲ್ಲಿ ಕೆಲವಕ್ಕೆ ಆಗಸ್ಟ್ ಹೊತ್ತಿಗಾಗಲೇ ತುಕ್ಕಿನ ಕಲೆ ಕಂಡಿತು. ಕಡಲ ಹತ್ತಿರದ ಮನೆಗಳಿಗೆ ಬೋಲ್ಟು, ನಟ್ಟು, ವಾಷರ್ ಎಲ್ಲವೂ ಸ್ಟೇನ್‌ಲೆಸ್ ಸ್ಟೀಲಿನದಾಗಿರಬೇಕು, ಸಾಧ್ಯವಾದರೆ 316 ದರ್ಜೆಯದು. ಫಲಕಗಳಿಗೆ ಉಪ್ಪುಮಂಜಿನ ಪರೀಕ್ಷೆಯಾದ ಐಇಸಿ 61701 ಪ್ರಮಾಣಪತ್ರ ಇದೆಯೇ ಎಂದು ಕೇಳಬೇಕು. ನಾವು ಫಲಕಗಳ ಬಗ್ಗೆ ಕೇಳಿದ್ದೆವು, ಬೋಲ್ಟ್‌ಗಳ ಬಗ್ಗೆ ಕೇಳಲಿಲ್ಲ. ದೂರು ಕೊಟ್ಟ ಮೂರನೇ ವಾರಕ್ಕೆ ಬಂದು ಖರ್ಚಿಲ್ಲದೆ ಬದಲಿಸಿಕೊಟ್ಟರು ಎಂಬುದನ್ನೂ ಹೇಳಬೇಕು.

ಅರ್ಥಿಂಗ್ ಕೆಲಸ ಮಾತ್ರ ಮೆಚ್ಚುವಂತಿದೆ. ನಮ್ಮದು ಮುರಕಲ್ಲಿನ ನೆಲ, ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಸರಿಯಾಗಿ ಸಿಗುವುದಿಲ್ಲ, ಏಪ್ರಿಲ್ ಮತ್ತು ಮೇ ತಿಂಗಳ ಸಿಡಿಲು ಬರುವುದು ಆ ಹೊತ್ತಿನಲ್ಲೇ. ಸಿಡಿಲುವಾಹಕಕ್ಕೆ, ಫಲಕದ ಹಂದರಕ್ಕೆ, ಇನ್ವರ್ಟರ್‌ಗೆ ಬೇರೆ ಬೇರೆ ಗುಂಡಿ ತೋಡಿ, ಅವು ತೇವವಾಗಿರುವಂತೆ ನೋಡಿಕೊಳ್ಳಲು ಕಲಿಸಿಕೊಟ್ಟ ಹಿರಿಯ ಕೆಲಸಗಾರರಿಗೆ ನಾವು ಋಣಿಗಳು.

ಹಂದರದ ಎತ್ತರ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಏಪ್ರಿಲ್, ಮೇ ತಿಂಗಳಲ್ಲಿ ತಾರಸಿ ಅತ್ತೆಯ ಸೊತ್ತು. ಹಲಸಿನ ಹಪ್ಪಳ, ಸಾಂತಾಣಿ, ಕೊಬ್ಬರಿ, ಉಪ್ಪಿನಕಾಯಿಯ ಮೆಣಸು ಎಲ್ಲ ಒಣಗುವುದು ಅಲ್ಲೇ. ನೆಲಕ್ಕೆ ತಾಗಿದಂತೆ ಫಲಕ ಹಾಕಿದರೆ ಅರ್ಧ ತಾರಸಿ ಹೋಗುತ್ತದೆ ಎಂದು ಅವರು ಒಪ್ಪಲಿಲ್ಲ. ಕೊನೆಗೆ ಏಳೂವರೆ ಅಡಿ ಎತ್ತರದ ಹಂದರ ಮಾಡಿಸಿದೆವು. ಸ್ವಲ್ಪ ಹೆಚ್ಚು ಖರ್ಚಾಯಿತು. ಇದರಿಂದ ಫಲಕದ ಕೆಳಗೆ ಗಾಳಿ ಆಡಿ ಅದರ ಬಿಸಿ ಇಳಿಯುತ್ತದೆ, ಹಂದರದ ನೆರಳು ಬೀಳುವ ಜಾಗದ ಕೆಳಗಿನ ಮಲಗುವ ಕೋಣೆಯಲ್ಲಿ ರಾತ್ರಿಯ ಸೆಕೆ ಗಮನಕ್ಕೆ ಬರುವಷ್ಟು ಕಡಿಮೆಯಾಗಿದೆ. ಆ ಕೋಣೆಗೆ ಎಸಿ ಹಾಕಿಸಬೇಕೆಂಬ ಮಾತು ಈ ಬೇಸಿಗೆಯಲ್ಲಿ ಮನೆಯಲ್ಲಿ ಏಳಲೇ ಇಲ್ಲ. ಹಪ್ಪಳಕ್ಕೆ ತಾರಸಿಯ ತೆಂಕು ಭಾಗ ಹಾಗೆಯೇ ಉಳಿದಿದೆ.

ತೆಂಗಿನ ಮರದ ನೆರಳಿನ ಪ್ರಶ್ನೆಯೂ ಇತ್ತು. ಒಂದು ಸೋಗೆಯ ನೆರಳು ಒಂದು ಫಲಕದ ಮೂಲೆಗೆ ಬಿದ್ದರೂ, ಸಾಲಾಗಿ ಜೋಡಿಸಿದ ಫಲಕಗಳ ಒಟ್ಟು ಉತ್ಪಾದನೆ ಆ ನೆರಳಿನ ಅಳತೆಗಿಂತ ಹೆಚ್ಚು ಕುಸಿಯುತ್ತದೆ. ಮರ ಕಡಿಯಿರಿ ಎಂದು ಒಬ್ಬ ಮಾರಾಟಗಾರ ಸಲೀಸಾಗಿ ಹೇಳಿದರು. ಕಾಯಿ ಕೊಡುವ ಮರವನ್ನು ಹವಾಮಾನದ ಹೆಸರಿನಲ್ಲಿ ಕಡಿಯುವುದಕ್ಕೆ ನಮಗೆ ಯಾರಿಗೂ ಮನಸ್ಸಾಗಲಿಲ್ಲ; ಫಲಕಗಳ ಸಾಲನ್ನು ಆರು ಅಡಿ ಮೂಡಣಕ್ಕೆ ಸರಿಸಿದೆವು, ಮರ ಉಳಿಯಿತು, ಸಂಜೆಯ ಅರ್ಧ ಗಂಟೆಯ ಉತ್ಪಾದನೆ ಹೋಯಿತು.

ಇಷ್ಟು ಘಟಕದ ಗುಣದೋಷ. ಇದನ್ನು ಓದುವ ಕುಟುಂಬಗಳಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ: ಫಲಕಕ್ಕೆ ಹಣ ಕಟ್ಟುವ ಮೊದಲು ಮನೆಯ ಯೂನಿಟ್‌ಗಳ ಲೆಕ್ಕ ಬರೆದಿಡಿ. ನಾವು ಇದನ್ನು ತಿರುವುಮುರುವಾಗಿ ಮಾಡಿದೆವು. ಫಲಕ ಬಂದ ಮೇಲೆ ಇನ್ವರ್ಟರಿನ ಅಂಕಿಯನ್ನೂ ಮೀಟರಿನ ಅಂಕಿಯನ್ನೂ ದಿನಾ ರಾತ್ರಿ ಮಗಳು ಪುಸ್ತಕದಲ್ಲಿ ಬರೆಯತೊಡಗಿದಳು. ಎರಡು ತಿಂಗಳಾಗುವಷ್ಟರಲ್ಲಿ, ಕರೆಂಟ್ ಎಲ್ಲಿ ಹೋಗುತ್ತಿದೆ ಎಂಬುದು ಜೀವಮಾನದಲ್ಲಿ ಮೊದಲ ಬಾರಿಗೆ ನಮಗೆ ಕಂಡಿತು. ನಮ್ಮದು ಸೆಕೆಯ ಊರು, ನಾಲ್ಕು ಫ್ಯಾನ್‌ಗಳು ದಿನಕ್ಕೆ ಹನ್ನೆರಡು ಗಂಟೆಯಾದರೂ ತಿರುಗುತ್ತವೆ. ಹಳೆಯ ಫ್ಯಾನ್ ಒಂದಕ್ಕೆ ಸುಮಾರು 75 ವಾಟ್ ಬೇಕು, ಬಿಎಲ್‌ಡಿಸಿ ಮೋಟರಿನ ಹೊಸ ಫ್ಯಾನಿಗೆ 30ರ ಆಸುಪಾಸು ಸಾಕು. ನಾಲ್ಕನ್ನೂ ಬದಲಿಸಿದಾಗ ತಿಂಗಳಿಗೆ ಸುಮಾರು 65 ಯೂನಿಟ್ ಉಳಿಯಿತು. ಒಂದು ಫಲಕ ತಿಂಗಳಿಗೆ ಸರಾಸರಿ ಕೊಡುವುದು 53 ಯೂನಿಟ್. ಒಂದು ಫಲಕ ಮಾಡುವ ಕೆಲಸಕ್ಕಿಂತ ಹೆಚ್ಚಿನದನ್ನು ನಾಲ್ಕು ಫ್ಯಾನ್‌ಗಳು ಮಳೆ ಬಿಸಿಲೆನ್ನದೆ ಮಾಡಿದವು.

ಅಡುಗೆಯಲ್ಲೂ ಬದಲಾವಣೆಯಾಯಿತು. ಕುಚ್ಚಲಕ್ಕಿ ಬೇಯುವುದಕ್ಕೆ ಮುಕ್ಕಾಲು ಗಂಟೆ ಬೇಕು, ಅನಿಲ ಬಹಳ ಹಿಡಿಯುತ್ತದೆ. ಒಂದು ಸಿಲಿಂಡರಿನ 14.2 ಕಿಲೋ ಅನಿಲ ಉರಿದರೆ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಈಗ ಬೆಳಿಗ್ಗೆ ಹತ್ತರ ಮೇಲೆ, ಬಿಸಿಲು ಏರಿದಾಗ, ಇಂಡಕ್ಷನ್ ಒಲೆಯಲ್ಲಿ ಅಕ್ಕಿಯನ್ನು ಚೆನ್ನಾಗಿ ಕುದಿಸಿ, ಬಿಸಿ ಉಳಿಸುವ ಪಾತ್ರೆಯೊಳಗೆ ಇಟ್ಟುಬಿಡುತ್ತೇವೆ; ಅನ್ನ ತಾನಾಗಿ ಬೇಯುತ್ತದೆ. ಮೊದಮೊದಲು ‘ಗಂಜಿಯ ರುಚಿ ಬೇರೆಯಾಗಿದೆ’ ಎಂದ ಅತ್ತೆಯೇ ಈಗ ಗಡಿಯಾರ ನೋಡಿ ಒಲೆ ಹಚ್ಚುತ್ತಾರೆ. ಸಿಲಿಂಡರ್ ಮೊದಲಿಗಿಂತ ಎರಡು ವಾರ ಹೆಚ್ಚು ಬಾಳುತ್ತದೆ. ಬಾವಿಯ ಪಂಪು, ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿ ಎಲ್ಲವನ್ನೂ ಹಗಲಿಗೆ ತಂದೆವು. ಸ್ನಾನದ ನೀರಿಗೆ ಗೀಸರ್ ಬಿಟ್ಟು ಬೇಸಿಗೆಯಲ್ಲಿ ಹಿತ್ತಿಲ ಹಂಡೆಗೆ ಮರಳಿದ್ದೇವೆ, ನಮ್ಮದೇ ಮರದ ಮಡಲು, ಸಿಪ್ಪೆ, ಕರಟ ಅದಕ್ಕೆ ಸಾಕು. ಹೊಗೆಯ ಕಾರಣಕ್ಕೆ ಮಳೆಗಾಲದಲ್ಲಿ ಇದು ಸಾಧ್ಯವಾಗಲಿಲ್ಲ.

ಹಣದ ಲೆಕ್ಕವನ್ನು ಪ್ರಾಮಾಣಿಕವಾಗಿ ಕೊಡುತ್ತೇನೆ. ಸಹಾಯಧನ ಕಳೆದು ನಮ್ಮ ಕೈಯಿಂದ ಹೋದದ್ದು 1,17,000 ರೂಪಾಯಿ. ವರ್ಷದ ಬಿಲ್ಲುಗಳಲ್ಲಿ ಉಳಿದದ್ದು ಸುಮಾರು 20,000. ಹಾಕಿದ ಹಣ ಮರಳಲು ಆರು ವರ್ಷ ಹಿಡಿಯುತ್ತದೆ, ಮಾರುವವರು ಹೇಳಿದ ಮೂರು ವರ್ಷ ಸಾಲದು. ‘ಬಿಲ್ ಸೊನ್ನೆ’ ಎಂಬ ಮಾತೂ ಸರಿಯಲ್ಲ: ನಿಗದಿತ ಶುಲ್ಕವನ್ನು ಪ್ರತಿ ತಿಂಗಳು ಕಟ್ಟಲೇಬೇಕು, ಜಾಲಕ್ಕೆ ಕೊಟ್ಟ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಬೇಸಿಗೆಯಲ್ಲಿ ಅಗ್ಗಕ್ಕೆ ಕೊಟ್ಟು ಮಳೆಗಾಲದಲ್ಲಿ ಪೂರ್ಣ ಬೆಲೆಗೆ ಕೊಳ್ಳುತ್ತೇವೆ. ಆದ್ದರಿಂದ ಅಗತ್ಯಕ್ಕಿಂತ ದೊಡ್ಡ ಘಟಕ ಹಾಕಿಸುವುದು ಕುಟುಂಬಕ್ಕೆ ಲಾಭವಲ್ಲ. ಫ್ಯಾನ್‌ಗಳನ್ನು ಮೊದಲೇ ಬದಲಿಸಿದ್ದರೆ ನಾವು ಎರಡೂವರೆ ಕಿಲೋವಾಟ್‌ನಲ್ಲಿ ನಿಲ್ಲಿಸಬಹುದಿತ್ತು. ತಿಂಗಳಿಗೆ 200 ಯೂನಿಟ್ ಒಳಗಿದ್ದು ಗೃಹಜ್ಯೋತಿಯಲ್ಲಿ ಉಚಿತ ವಿದ್ಯುತ್ ಪಡೆಯುತ್ತಿರುವ ಮನೆಗಳಿಗೆ ಹಣದ ದೃಷ್ಟಿಯಿಂದ ಫಲಕ ಹಾಕಿಸಿ ಎಂದು ನಾನು ಹೇಳಲಾರೆ. ಬಿಲ್ ಬಾರದಿದ್ದರೂ ಯೂನಿಟ್‌ನ ಹಿಂದಿನ ಕಲ್ಲಿದ್ದಲು ಉರಿಯುವುದು ನಿಲ್ಲುವುದಿಲ್ಲ, ಅವರು ಫ್ಯಾನು, ದೀಪ, ಹಳೆಯ ಫ್ರಿಜ್‌ನಿಂದ ಆರಂಭಿಸಬಹುದು.

ಹವಾಮಾನದ ಲೆಕ್ಕದಲ್ಲಿ, 3,850 ಯೂನಿಟ್ ಎಂದರೆ ಸುಮಾರು 2.7 ಟನ್ ಇಂಗಾಲದ ಡೈಆಕ್ಸೈಡ್ ತಪ್ಪಿದಂತೆ. ಫಲಕಗಳನ್ನು ತಯಾರಿಸಲು ಖರ್ಚಾದ ಶಕ್ತಿ ಒಂದೆರಡು ವರ್ಷದಲ್ಲಿ ತೀರುತ್ತದೆ, ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವು ದುಡಿಯಬೇಕು. ಫಲಕಗಳಿಗೆ 25 ವರ್ಷದ ಖಾತರಿ ಇದೆ, ನಮ್ಮ ಇನ್ವರ್ಟರಿಗೆ ಎಂಟು ವರ್ಷ ಮಾತ್ರ. ನಡುವೆ ಒಮ್ಮೆ ಅದನ್ನು ಬದಲಿಸುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿದಿದ್ದೇವೆ. ನಿರ್ವಹಣೆ ಹೆಚ್ಚಿಲ್ಲ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ರಸ್ತೆಯ ಕೆಂಪು ಧೂಳನ್ನೂ ಕಾಗೆಗಳ ಹಿಕ್ಕೆಯನ್ನೂ ಹದಿನೈದು ದಿನಕ್ಕೊಮ್ಮೆ, ಫಲಕ ಬಿಸಿಯಾಗುವ ಮೊದಲು, ಮುಂಜಾನೆ ತೊಳೆಯಬೇಕು. ಮಳೆಗಾಲ ಮುಗಿದ ಮೇಲೆ ಚೌಕಟ್ಟಿನ ಕೆಳಅಂಚಿನ ಪಾಚಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಇವೆಲ್ಲವನ್ನೂ ತೂಗಿ ನೋಡಿ ಈ ಘಟಕವನ್ನು ನಾನು ಶಿಫಾರಸು ಮಾಡುತ್ತೇನೆ, ತಿಂಗಳಿಗೆ 250 ಯೂನಿಟ್ ಮೀರಿ ಬಳಸುವ, ಸ್ವಂತ ತಾರಸಿ ಅಥವಾ ಗಟ್ಟಿಯಾದ ಶೀಟಿನ ಮಾಡು ಇರುವ ಮನೆಗಳಿಗೆ. ದರಪಟ್ಟಿಯಲ್ಲಿ ಬೋಲ್ಟ್‌ನ ದರ್ಜೆ, ಅರ್ಥಿಂಗ್ ಗುಂಡಿಗಳ ಸಂಖ್ಯೆ, ಜುಲೈ ತಿಂಗಳ ಉತ್ಪಾದನೆಯ ಅಂದಾಜು ಈ ಮೂರನ್ನೂ ಬರೆದು ಕೊಡುವವರಿಗೇ ಕೆಲಸ ಒಪ್ಪಿಸಿ.

ನಮ್ಮ ಪಾಗಾರದ ಆಚೆಯ ಮನೆಯವರು ಮಗಳ ಪುಸ್ತಕವನ್ನು ಒಂದು ವಾರ ಇಟ್ಟುಕೊಂಡು ಓದಿ, ಮೊದಲು ಐದು ಫ್ಯಾನ್ ಬದಲಿಸಿದ್ದಾರೆ, ಈಗ ಎರಡು ಕಿಲೋವಾಟ್‌ಗೆ ದರ ಕೇಳುತ್ತಿದ್ದಾರೆ. ಅವರ ತಾರಸಿಯ ತೆಂಕು ಅಂಚಿಗೆ ಮಾವಿನ ಕೊಂಬೆಯ ನೆರಳು ಬೀಳುತ್ತದೆ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ಪೂರ್ತಿ ತೆಂಕಣಕ್ಕೆ ವಾಲಿ ಆ ನೆರಳು ಅತ್ಯಂತ ಉದ್ದವಾಗುತ್ತದೆ. ಅಂದು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಗಂಟೆಗೊಮ್ಮೆ ಸೀಮೆಸುಣ್ಣದಿಂದ ನೆರಳಿನ ಅಂಚನ್ನು ಗುರುತು ಮಾಡಿ, ಆ ಗೆರೆಯಿಂದ ಈಚೆಗೆ ಮಾತ್ರ ಫಲಕ ಕೂರಿಸುವಂತೆ ಹೇಳಿದ್ದೇನೆ.